ಭಾಗ 3: ಚರ್ಚ್ ಬೇರೆ, ರಿಜಿಸ್ಟ್ರಾರ್ ಆಫೀಸ್ ಬೇರೆ

ನಾನೂ ಭಾನುವಾರ ಸಂತ ಫಿಲೋಮಿನಾ ಚರ್ಚಿಗೆ ಬಲಿಪೂಜೆಗೆ ಹೋಗೋಳೇ. ಅದಕ್ಕೇ ನೇರವಾಗಿ ಹೇಳ್ತೀನಿ, ಕೇಳಿ.

ಮದುವೆ ಅಂದ್ರೆ ಗಂಡು-ಹೆಣ್ಣಿನ ಸಂಸ್ಕಾರ ಅಂತ ನಮ್ಮ ಧರ್ಮಸಭೆ ಹೇಳುತ್ತೆ. ಸರಿ, ಚರ್ಚಿನೊಳಗೆ ಅದೇ ಇರಲಿ. ಆದ್ರೆ ಧರ್ಮಸಭೆ ವಿಚ್ಛೇದನವನ್ನೂ ಒಪ್ಪಲ್ಲ. ಕಾನೂನು ಮಾತ್ರ 1869ರಿಂದಲೇ ಕ್ರೈಸ್ತರಿಗೆ ವಿಚ್ಛೇದನ ಕೊಡ್ತಾ ಬಂದಿದೆ. ಅದರಿಂದ ಚರ್ಚೇನೂ ಮುಳುಗಿಲ್ಲ ತಾನೇ?

‘ಮಕ್ಕಳ ಗತಿ ಏನು?’ ಅಂತೀರಾ. ಮದುವೆಯಾಗದೆ ಒಬ್ಬರೇ ಇರೋರು ಇವತ್ತೂ ದತ್ತು ತಗೋಬಹುದು. ಸಲಿಂಗ ಜೋಡಿ ಮಾತ್ರ ಒಟ್ಟಿಗೆ ತಗೊಳ್ಳೋ ಹಾಗಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ 3-2ರ ತೀರ್ಪಲ್ಲಿ ಆ ನಿಯಮವನ್ನ ಹಾಗೇ ಉಳಿಸಿತು. ಸಾಕೋದು ಇಬ್ಬರು, ಕಾಗದದಲ್ಲಿ ಒಬ್ಬರೇ. ಆ ಒಬ್ಬರು ತೀರಿಕೊಂಡ್ರೆ? ಊಟ ಮಾಡಿಸಿ ಮಲಗಿಸಿದ ಇನ್ನೊಬ್ಬರು ಕಾನೂನಿನ ಪ್ರಕಾರ ಆ ಮಗುವಿಗೆ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ.

ಮಗುವೇ ಮುಖ್ಯ ಅನ್ನೋರು ಮೊದಲು ಇದಕ್ಕೆ ಉತ್ತರ ಕೊಡಿ. ಕಾಮೆಂಟ್ ತೆರೆದೇ ಇದೆ. 👇