ಪಾಠ ಒಪ್ಪಿಸಿದ ವಿದ್ಯಾರ್ಥಿನಿ

ಓದುವ ವಯಸ್ಸಿನ ಮಕ್ಕಳು ಹೋರಾಟ, ಚಳವಳಿ ಎಂದು ಬೀದಿಗಿಳಿಯಬಾರದು ಎಂಬ ಮಾತನ್ನು ಮೂವತ್ತೈದು ವರ್ಷಗಳ ನನ್ನ ವೃತ್ತಿಜೀವನದಲ್ಲಿ ನೂರಾರು ಬಾರಿ ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ಬಾರಿ ನಾನೇ ಹೇಳಿದ್ದೇನೆ. ಆ ಮಾತು ತಪ್ಪೆಂದು ಈಗ ನನಗೆ ಮನವರಿಕೆಯಾಗಿದೆ. ಅದಕ್ಕೆ ಕಾರಣಳಾದ ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನೂ, ಅದರೊಡನೆ ನಮ್ಮ ಮನೆಯ ಒಂದು ಲೆಕ್ಕವನ್ನೂ ಇಲ್ಲಿ ಹೇಳಬೇಕಾಗಿದೆ. ಆಕೆಯ ಹೆಸರನ್ನು ಬರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಗುರುತು ಸಿಕ್ಕೀತು. ಸಿಕ್ಕರೆ ನಿಮ್ಮಲ್ಲಿಯೇ ಇಟ್ಟುಕೊಳ್ಳಿ.

ಅದು 2006ರ ಬೇಸಿಗೆ. ಆಕೆ ಮೈಸೂರಿನಲ್ಲಿ ಬಿ.ಎ. ಎರಡನೆಯ ವರ್ಷವನ್ನು ಮುಗಿಸಿದ್ದಳು. ಅವಳ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಹುಡುಗಿ ಕೈತಪ್ಪಿ ಹೋಗುತ್ತಿದ್ದಾಳೆ. ಯಾವುದೋ ಮಹಿಳಾ ಸಂಘಟನೆ ಸೇರಿಕೊಂಡು ಹಳ್ಳಿಹಳ್ಳಿ ಸುತ್ತುತ್ತಿದ್ದಾಳೆ, ಬೀದಿ ನಾಟಕ ಆಡುತ್ತಾಳಂತೆ. ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ? ನೀವು ಹೇಳಿದರೆ ಕೇಳುತ್ತಾಳೆ" ಎಂದು ಕಣ್ಣು ತುಂಬಿಕೊಂಡರು. ಹೆಣ್ಣು ಹೆತ್ತವರ ಆ ಆತಂಕವನ್ನು ನಾನು ಇಂದಿಗೂ ಹಗುರವಾಗಿ ಕಾಣಲಾರೆ.

ಮರುದಿನ ಆಕೆ ಬಂದಳು. ಮೊದಲು ಓದು, ಆಮೇಲೆ ಸಮಾಜಸೇವೆ ಎಂದು ನಾನು ಅರ್ಧ ಗಂಟೆ ಉಪದೇಶ ಮಾಡಿದೆ. ತಲೆ ತಗ್ಗಿಸಿ ಕೇಳಿಸಿಕೊಂಡವಳು ಕೊನೆಯಲ್ಲಿ ಹೇಳಿದಳು: "ಸಾರ್, ನಾವು ಹಳ್ಳಿಗಳಲ್ಲಿ ಹೇಳುತ್ತಿರುವುದು ಇಷ್ಟೇ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ ಅಂತ. ಸಮಾನತೆಯ ಹಕ್ಕನ್ನು ಒಂಬತ್ತನೇ ಕ್ಲಾಸಿನಲ್ಲಿ ನೀವೇ ಬಾಯಿಪಾಠ ಮಾಡಿಸಿದ್ರಿ. ತಪ್ಪು ತಿಳಿಯಬೇಡಿ ಸಾರ್, ನಿಮ್ಮ ಮನೆಯ ಪಹಣಿಯಲ್ಲಿ ನಿಮ್ಮ ತಂಗಿಯರ ಹೆಸರಿದೆಯಾ?"

ನನಗೆ ಎಲ್ಲಿಲ್ಲದ ಕೋಪ ಬಂದಿತು. ಅಧಿಕಪ್ರಸಂಗ ಬೇಡವೆಂದು ಗದರಿ ಕಳುಹಿಸಿಬಿಟ್ಟೆ. ಪ್ರಶ್ನೆ ತಪ್ಪಾಗಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ.

ಅವಳು ಹೇಳುತ್ತಿದ್ದುದು ಹೊಸದೇನೂ ಆಗಿರಲಿಲ್ಲ. ಮನೆ ಪಾಲಾಗುವಾಗ ಹೆಂಗಸರಿಗೂ ಒಂದು ಅಂಶ ಸಿಗಬೇಕೆಂಬ ವಿಚಾರವು ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಕಾಯಿದೆಯಾಗಿ ಬಂದಿತ್ತು. 1951ರಲ್ಲಿ ಡಾ. ಅಂಬೇಡ್ಕರ್ ಅವರು ಕೇಂದ್ರ ಸಚಿವ ಸ್ಥಾನವನ್ನು ತ್ಯಜಿಸಿದಾಗ, ಹಿಂದೂ ಸಂಹಿತೆಯ ಮಸೂದೆ ನನೆಗುದಿಗೆ ಬಿದ್ದುದು ಅವರು ಕೊಟ್ಟ ಕಾರಣಗಳಲ್ಲೊಂದಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಅಂಶದಲ್ಲಿ ಮಗಳಿಗೂ ಪಾಲು ಕೊಟ್ಟಿತಾದರೂ, ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು 1994ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ನೀಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ಆ ಭೇದವನ್ನೂ ತೆಗೆದುಹಾಕಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು.

ಇನ್ನು ನಮ್ಮ ಮನೆಯ ಲೆಕ್ಕ. ನಾವು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯ ತಂಗಿಯ ಮದುವೆ 1983ರಲ್ಲಿ, ಕಿರಿಯಳದು 1996ರಲ್ಲಿ ನಡೆಯಿತು. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆ 1997ರಲ್ಲಿ ಹೋದರು. ಇದ್ದದ್ದು ಅಜ್ಜನ ಕಾಲದ ನಾಲ್ಕು ಎಕರೆ, ಅಂದರೆ 160 ಗುಂಟೆ. 1998ರಲ್ಲಿ ತಂಗಿಯರಿಬ್ಬರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು, ನಾನೂ ತಮ್ಮನೂ ಎರಡೆರಡು ಎಕರೆ ಹಂಚಿಕೊಂಡೆವು. ಹಿರಿಯಳು ಮಾತಿಲ್ಲದೆ ರುಜು ಹಾಕಿದಳು. ಕಿರಿಯಳು ಮಾತ್ರ, "ಅಣ್ಣ, ಒಂದು ಸಲ ಓದಿ ನೋಡಲಾ?" ಎಂದಳು. "ಅಣ್ಣನ ಮೇಲೆ ನಂಬಿಕೆಯಿಲ್ಲವೇನಮ್ಮ?" ಎಂದೆ. ಅವಳು ಓದಲಿಲ್ಲ. ಇಬ್ಬರಿಗೂ ರೇಷ್ಮೆ ಸೀರೆ ಕೊಟ್ಟು, ಮಡಿಲು ತುಂಬಿ ಕಳುಹಿಸಿದೆವು. ಅದೇ ವಾರ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠವನ್ನೂ ಮಾಡಿರಬಹುದು.

ವಿದ್ಯಾರ್ಥಿನಿಯ ಪ್ರಶ್ನೆ ಆರು ವರ್ಷ ನನ್ನನ್ನು ಕೊರೆಯಿತು. 2012ರಲ್ಲಿ ಕಾಗದ ಪೆನ್ಸಿಲು ಹಿಡಿದು ಕುಳಿತೆ. 1994ರ ತಿದ್ದುಪಡಿಯ ಪ್ರಕಾರ ತಂದೆ, ಇಬ್ಬರು ಗಂಡುಮಕ್ಕಳು, ಕಿರಿಯ ತಂಗಿ, ಹೀಗೆ ನಾಲ್ವರಿಗೆ ತಲಾ 40 ಗುಂಟೆ. ತಂದೆಯ 40 ಗುಂಟೆ ನಾಲ್ಕು ಮಕ್ಕಳಿಗೂ ಹತ್ತು ಹತ್ತು. ಅಲ್ಲಿಗೆ ನನಗೆ ನ್ಯಾಯವಾಗಿ ಸಲ್ಲಬೇಕಾದದ್ದು 50 ಗುಂಟೆ; ನನ್ನ ಕೈಯಲ್ಲಿದ್ದದ್ದು 80. ಉಳಿದ 30 ಗುಂಟೆಯಲ್ಲಿ 25 ಕಿರಿಯಳದು, 5 ಹಿರಿಯಳದು. ಬಿಡುಗಡೆ ಪತ್ರ ನೋಂದಣಿಯಾಗಿದ್ದುದರಿಂದ ಕಾನೂನು ನನ್ನನ್ನು ಕೇಳುವಂತಿರಲಿಲ್ಲ. ಆದರೆ ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ ಆ ಲೆಕ್ಕವನ್ನು ಅಳಿಸುವ ಬಗೆ ನನಗೆ ತಿಳಿಯಲಿಲ್ಲ.

ಇಬ್ಬರಿಗೂ ದಾನಪತ್ರ ಬರೆದುಕೊಟ್ಟೆ. ದಾನ ಎಂಬ ಪದವೇ ಅಲ್ಲಿ ತಪ್ಪು. ಕಾಗದದಲ್ಲಿ ಬೇರೆ ದಾರಿಯಿರಲಿಲ್ಲ. "ಜನ ಏನಂದಾರು, ತವರು ಒಡೆದವಳು ಅಂತಾರೆ, ಬೇಡ ಅಣ್ಣ" ಎಂದು ಕಿರಿಯಳು ಬಹಳ ಹಿಂದೆಗೆದಳು. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕುಳಿತು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾನು ಪಕ್ಕದಲ್ಲಿ ಕಾದು ಕುಳಿತಿದ್ದೆ. ತಮ್ಮನ ಅಭಿಪ್ರಾಯ ಬೇರೆಯಿದೆ. ಅವನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅಂದು ಪತ್ರ ಬರೆಸಿದ ಹಿರಿಯ ನಾನು.

ಮದುವೆಗೆ ಖರ್ಚು ಮಾಡಿದೆವಲ್ಲ, ಅದೇ ಅವರ ಪಾಲು ಎನ್ನುವವರು ನಮ್ಮ ನಂಟರಲ್ಲಿ ಅನೇಕರಿದ್ದಾರೆ. ಗಂಡುಮಕ್ಕಳ ಓದಿಗೂ ಮದುವೆಗೂ ಖರ್ಚಾಗಿತ್ತು. ಅದನ್ನು ಯಾರೂ ಅವರ ಪಾಲಿನಲ್ಲಿ ಕಳೆಯಲಿಲ್ಲ. ಪಾಲು ಕೇಳಿದರೆ ತವರಿನ ಪ್ರೀತಿ ಹೋಗುತ್ತದೆಂಬ ಮಾತೂ ಇದೆ. ಗೌರಿ ಹಬ್ಬದ ಬಾಗಿನವನ್ನು ಸಂತೋಷದಿಂದ ಕೊಡುವ ನಾವು, ಹಕ್ಕನ್ನು ಕೇಳಿದೊಡನೆ ಮುಖ ತಿರುಗಿಸುವುದಾದರೆ ತವರನ್ನು ಒಡೆಯುವವರು ನಾವೇ ಹೊರತು ಕೇಳಿದವಳಲ್ಲ.

ಆ ಹುಡುಗಿ ಓದನ್ನು ಬಿಡಲಿಲ್ಲ. ಬಿ.ಎ. ಮುಗಿಸಿ ಕಾನೂನು ಓದಿ ಇಂದು ವಕೀಲಳಾಗಿದ್ದಾಳೆ. ಬಿಟ್ಟಿದ್ದರೂ ಅವಳ ಪ್ರಶ್ನೆ ಸರಿಯಾಗಿಯೇ ಇರುತ್ತಿತ್ತು. ದಾನಪತ್ರವಾದ ಮೇಲೆ ಅವಳಿಗೆ ಪತ್ರ ಬರೆದು ಕ್ಷಮೆ ಕೇಳಿದೆ. "ನಾನೂ ಅಂದು ಸ್ವಲ್ಪ ಒರಟಾಗಿ ಕೇಳಿದೆ ಸಾರ್" ಎಂದು ಉತ್ತರಿಸಿದಳು. ಮೆಲ್ಲಗೆ ಕೇಳಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

ಚಳವಳಿಗಿಳಿದ ವಿದ್ಯಾರ್ಥಿಯನ್ನು ಓದು ಬಿಟ್ಟು ಹಾಳಾದವನೆಂದು, ಹಾಳಾದವಳೆಂದು ನೋಡುವುದು ನಮ್ಮ ಅಭ್ಯಾಸ. ವಾಸ್ತವದಲ್ಲಿ ಅವರಲ್ಲಿ ಅನೇಕರು ನಾವು ಪರೀಕ್ಷೆಗೆಂದು ಹೇಳಿಕೊಟ್ಟದ್ದನ್ನು ಬದುಕಿಗೆಂದು ತಿಳಿದುಕೊಂಡವರು. ಅವರು ಎಡವಬಹುದು, ದುಡುಕಬಹುದು, ತಿದ್ದಲು ನಾವಿದ್ದೇವೆ. ಆದರೆ ಪ್ರಶ್ನೆ ನಮ್ಮ ಹೊಸ್ತಿಲಿಗೆ ಬಂದಾಗ ಗದರಿಸಿ ಕಳುಹಿಸುವ ಹಕ್ಕು ಪಾಠ ಹೇಳಿದವರಿಗಂತೂ ಇಲ್ಲ.

ನಂಟರಲ್ಲಿ ನನ್ನದೊಂದೇ ಬೇಡಿಕೆ. ಮುಂದೆ ಪೌತಿ ಖಾತೆಗೋ ಪಾಲುಪಟ್ಟಿಗೋ ಮನೆಯ ಹೆಣ್ಣುಮಕ್ಕಳ ರುಜು ಬೇಕಾದಾಗ, ಕಾಗದವನ್ನು ಮೊದಲು ಅವರ ಕೈಗೆ ಕೊಡಿ. ಓದಿ ಮುಗಿಸುವವರೆಗೆ ಕಾಯಿರಿ.