ಕಂಬಳಿಯೊಡನೆ ಒಂದು ಫೋಟೊ

ಡಿಸೆಂಬರ್ ಬಂತೆಂದರೆ ಉತ್ತರ ಬೆಂಗಳೂರಿನ ಮನೆಗಳಲ್ಲಿ ಕ್ಯಾಮೆರಾಗಳು ಮನುಷ್ಯರಿಗಿಂತ ಮೊದಲೇ ಎಚ್ಚರಗೊಳ್ಳುತ್ತವೆ. ಆಕಾಶ ತಿಳಿಯಾಗಿದ್ದ ರಾತ್ರಿ ನೆಲವು ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೀರಿನ ಬಳಿಯ ತೇವದ ಗಾಳಿ ಮಂಜಾಗಿ ಕವಿಯುತ್ತದೆ. ಹೆಬ್ಬಾಳದ ಕೆರೆಯ ಮೇಲೆ ಆ ಮಂಜು ನಿಲ್ಲುವುದು ಬಿಸಿಲೇರುವ ತನಕ ಮಾತ್ರ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿನ ಮರಗಳಲ್ಲಿ ಚಳಿಗೆ ಮುದುಡಿ ಕುಳಿತ ಹಕ್ಕಿಗಳನ್ನು ಹಿಡಿಯಲು ನಮ್ಮ ಯುವಕರು ಐದೂವರೆಗೇ ಮಫ್ಲರ್ ಸುತ್ತಿಕೊಂಡು ಹೊರಡುತ್ತಾರೆ. ಇದಕ್ಕೆ ಯಾರ ತಕರಾರೂ ಬೇಡ. ಮಂಜಿಗೆ ಮಾನಾಪಮಾನಗಳಿಲ್ಲ. ದೂರದಿಂದ, ಸದ್ದಿಲ್ಲದೆ ತೆಗೆದರೆ ಹಕ್ಕಿಗೂ ನಷ್ಟವಿಲ್ಲ.

ನನ್ನ ತಕರಾರು ಇರುವುದು ಆ ಕ್ಯಾಮೆರಾ ಕೆರೆಯ ಕಡೆಯಿಂದ ಫುಟ್‌ಪಾತಿನ ಕಡೆಗೆ ತಿರುಗುವ ಗಳಿಗೆಯ ಬಗ್ಗೆ.

ಆಗಮನ ಕಾಲದಲ್ಲಿ, ಗೋದಲಿ ಕಟ್ಟುವ ಸಂಭ್ರಮದ ನಡುವೆ, ನಮ್ಮ ಧರ್ಮಕೇಂದ್ರಗಳ ಸಂಘಗಳು ಕಂಬಳಿ ಹಂಚುತ್ತವೆ. ಒಳ್ಳೆಯ ಕೆಲಸ. ಆದರೆ ಅದು ನಡೆಯುವ ಬಗೆಯನ್ನು ನೋಡಿದ್ದೀರಾ? ಮೇಲ್ಸೇತುವೆಯ ಅಡಿಯಲ್ಲಿ ಮಲಗಿದ್ದ ಮುದುಕನೊಬ್ಬನನ್ನು ಎಬ್ಬಿಸಿ ಕೂರಿಸುತ್ತಾರೆ. ಒಂದೇ ಕಂಬಳಿಯನ್ನು ನಾಲ್ಕು ಜನ ಹಿಡಿಯುತ್ತಾರೆ. 'ಈ ಕಡೆ ನೋಡಿ ತಾತ' ಎಂಬ ಅಪ್ಪಣೆಯಾಗುತ್ತದೆ, ಮುಖಕ್ಕೆ ಬೆಳಕು ಹೊಡೆಯುತ್ತದೆ. ಯಾರೋ ಕಣ್ಣು ಮುಚ್ಚಿದ್ದರೆಂದು ಕೊಟ್ಟ ಕಂಬಳಿಯನ್ನು ಹಿಂದಕ್ಕೆ ಪಡೆದು ಮತ್ತೆ ಕೊಡುವುದೂ ಉಂಟು. ಬೆಳಗಾಗುವುದರೊಳಗೆ ಆ ತಾತನ ಕೆದರಿದ ತಲೆ, ಹರಿದ ಬನಿಯನ್ನು, ನಿದ್ದೆಗಣ್ಣು ಇನ್ನೂರು ವಾಟ್ಸ್ಆಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತವೆ. ಅವನ ಹೆಸರನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಪರ್ವತ ಪ್ರಸಂಗದಲ್ಲಿ ಯೇಸುಸ್ವಾಮಿ ದಾನದ ಕುರಿತು ಎರಡು ಕೈಗಳನ್ನು ಹೆಸರಿಸಿ ಆಡಿದ ಮಾತು ನಮಗೆಲ್ಲ ಬಾಯಿಪಾಠವಾಗಿದೆ. ಹಾಗಿರುವಾಗ ಫೋನು ಹಿಡಿದ ಈ ಮೂರನೆಯ ಕೈ ಎಲ್ಲಿಂದ ಬಂತು?

ನಿದ್ರಿಸುವವನ ಖಾಸಗಿತನದ ಬಗ್ಗೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯವೂ ಪರೋಕ್ಷವಾಗಿ ಮಾತನಾಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಬೆಂಗಳೂರಿನವರೇ ಆಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕುರಿತದ್ದು, ನಿಜ. ಆದರೂ ಅದರ ಹಿಂದಿರುವ ವಿವೇಕ ನಮಗೂ ಅನ್ವಯಿಸದೇ? ಆರ್. ಟಿ. ನಗರದ ನಮ್ಮ ಮಲಗುವ ಕೋಣೆಗೆ ಅಪರಿಚಿತರು ರಾತ್ರಿ ಹನ್ನೊಂದಕ್ಕೆ ನುಗ್ಗಿ, ನಾವು ಹೊದ್ದಿರುವ ರಗ್ಗಿನ ಸಮೇತ ಚಿತ್ರ ತೆಗೆದರೆ ಪೊಲೀಸರಿಗೆ ದೂರು ಕೊಡುತ್ತೇವೆ. ಅವನ ಮಲಗುವ ಕೋಣೆಗೆ ಗೋಡೆಯಿಲ್ಲ, ಅಷ್ಟೇ ವ್ಯತ್ಯಾಸ.

'ದಾನಿಗಳಿಗೆ ಲೆಕ್ಕ ಕೊಡಬೇಕಲ್ಲ' ಎನ್ನುತ್ತಾರೆ. ಲೆಕ್ಕಕ್ಕೆ ಅಂಗಡಿಯ ರಸೀದಿ ಸಾಕು. ಬಡವನ ಮುಖ ರಸೀದಿಯಲ್ಲ. 'ಚಿತ್ರ ನೋಡಿ ಇನ್ನೂ ನಾಲ್ಕು ಜನ ಮುಂದೆ ಬರುತ್ತಾರೆ' ಎಂಬ ಎರಡನೆಯ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು, ಏಕೆಂದರೆ ಅದಕ್ಕೆ ಇತಿಹಾಸದ ಬೆಂಬಲವಿದೆ. ಡೆನ್ಮಾರ್ಕಿನಿಂದ 1870ರಲ್ಲಿ ಅಮೆರಿಕಕ್ಕೆ ಬಂದ ಜೇಕಬ್ ರೀಸ್ ಎಂಬ ಬಡ ಯುವಕ ಒಂದು ಮಳೆಯ ರಾತ್ರಿ ನ್ಯೂಯಾರ್ಕಿನ ಪೊಲೀಸ್ ಠಾಣೆಯ ತಂಗುದಾಣದಲ್ಲಿ ಮಲಗಿ ಅಪಮಾನ ಅನುಭವಿಸಿದ್ದ. ಮುಂದೆ ಪತ್ರಕರ್ತನಾಗಿ, ಆಗತಾನೇ ಬಂದಿದ್ದ ಮೆಗ್ನೀಸಿಯಂ ಬೆಳಕಿನಿಂದ ಆ ನಗರದ ಕೊಳೆಗೇರಿಗಳ ರಾತ್ರಿಗಳನ್ನು ಸೆರೆಹಿಡಿದು 1890ರಲ್ಲಿ ಪುಸ್ತಕ ಪ್ರಕಟಿಸಿದ. ಆ ಹೀನ ತಂಗುದಾಣಗಳನ್ನು 1896ರಲ್ಲಿ ಪೊಲೀಸ್ ಕಮಿಷನರ್ ಆಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಮುಚ್ಚಿಸಿದ್ದರ ಹಿಂದೆ ರೀಸ್‌ನ ಒತ್ತಾಯವಿತ್ತು. ಅವನೂ ಮಲಗಿದವರನ್ನು ಕೇಳದೆಯೇ ಬೆಳಕು ಸಿಡಿಸಿದವನು. ಎರಡು ಸಲ ಮನೆಗೇ ಬೆಂಕಿ ಹಚ್ಚಿಬಿಟ್ಟನೆಂದು ತಾನೇ ಬರೆದುಕೊಂಡಿದ್ದಾನೆ. ಅದನ್ನು ನಾನು ಮೆಚ್ಚಲಾರೆ. ಆದರೂ ಅವನ ಚಿತ್ರಗಳು ಊರನ್ನಾಳುವವರನ್ನು ಕಟಕಟೆಗೆ ತಂದವು. ನಮ್ಮ ಚಿತ್ರಗಳಲ್ಲಿ ನಡುವೆ ನಿಂತು ನಗುತ್ತಿರುವವರು ಯಾರು? ನಾವೇ. ಅಲ್ಲಿ ಪ್ರಶ್ನೆಯಿಲ್ಲ, ಬರೀ ಉತ್ತರವಿದೆ, ಅದೂ ಒಂದು ಕಂಬಳಿಯಷ್ಟು ಉದ್ದದ್ದು.

ಆ ಉತ್ತರವಾದರೂ ಸರಿಯಾಗಿದೆಯೇ? ಬೆಂಗಳೂರಿನ ಚಳಿಯನ್ನು ದೆಹಲಿಯವರು ಗೇಲಿ ಮಾಡಬಹುದು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದರೆ ಬರಿಯ ಕಾಂಕ್ರೀಟಿನ ಮೇಲೆ ಮಲಗಿದವನಿಗೆ ಹನ್ನೆರಡು ಹದಿಮೂರು ಡಿಗ್ರಿಯೂ ಕೊರೆಯುವ ಚಳಿಯೇ. ಅವನ ಮೈಯ ಬಿಸಿಯನ್ನು ಕೆಳಗಿನ ನೆಲ ಹೀರುತ್ತಿರುತ್ತದೆ. ಮೇಲೊಂದು ಕಂಬಳಿ ಹೊದಿಸಿದರೆ ಅರ್ಧ ಕೆಲಸವಾಯಿತು. ಕೆಳಗೆ ದಪ್ಪನೆಯ ಚಾಪೆಯೋ ರಟ್ಟೋ ಬೇಕು. ಚಾಪೆ ಹಂಚುವ ಫೋಟೊವನ್ನು ಎಷ್ಟು ಕಂಡಿದ್ದೀರಿ? ಮೂಟೆ ಹೊರುವ ಯಶವಂತಪುರದ ಹಮಾಲನಿಗೆ, ರಾಯಚೂರು ಯಾದಗಿರಿಗಳಿಂದ ಬಂದು ಯಲಹಂಕದ ಕಟ್ಟಡಗಳ ಬದಿಯಲ್ಲಿ ನೀಲಿ ಟಾರ್ಪಾಲಿನಡಿ ಮಕ್ಕಳನ್ನು ಮಲಗಿಸುವ ತಾಯಿಗೆ, ಏನು ಬೇಕೆಂದು ಮೊದಲು ವಿಚಾರಿಸುವ ವಾಡಿಕೆಯೇ ನಮ್ಮಲ್ಲಿ ಬೆಳೆದಿಲ್ಲ. ಒಬ್ಬಳಿಗೆ ಮಗುವಿನ ಟೋಪಿ ಬೇಕಿರಬಹುದು, ಇನ್ನೊಬ್ಬನಿಗೆ ಕೆಮ್ಮಿನ ಔಷಧ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನ ತಂಗಬಹುದಾದ, ಹಗಲಿರುಳು ತೆರೆದಿರುವ ಒಂದು ಆಶ್ರಯತಾಣ ಇರಬೇಕೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮಗಳು ಹೇಳಿದ್ದವು. ಕೋಟಿಗೂ ಮೀರಿದ ಜನರ ಈ ಊರಿಗೆ ಆ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಬೇಕು. ಫೋಟೊ ತೆಗೆಯಲೇಬೇಕೆಂಬ ಹಂಬಲವಿದ್ದರೆ ನಮ್ಮ ಬಡಾವಣೆಯ ಸುತ್ತ ನಡೆದಾಡಿ, ಅಂಥ ತಾಣ ಎಲ್ಲಿದೆ, ಬಾಗಿಲು ತೆರೆದಿದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂಬುದರ ಚಿತ್ರ ತೆಗೆಯಲಿ. ಅದನ್ನು ಪಾಲಿಕೆಯ ಅಧಿಕಾರಿಗಳ ಮೇಜಿನ ಮೇಲೆ ಇಡಲಿ. ಅದರಲ್ಲಿ ಯಾರ ಮಾನವೂ ಹೋಗದು.

ಈ ಕ್ರಿಸ್ತ ಜಯಂತಿಗೆ ಸಂಘಗಳ ಪದಾಧಿಕಾರಿಗಳು ಒಂದು ನಿರ್ಣಯ ಮಾಡಬಹುದು: ಹಂಚಲು ಹೋಗುವ ರಾತ್ರಿ ಫೋನುಗಳು ವ್ಯಾನಿನಲ್ಲೇ ಉಳಿಯಲಿ. ಬಲಿಪೂಜೆಯ ಬಳಿಕ ಇಷ್ಟು ಕಂಬಳಿ, ಇಷ್ಟು ಚಾಪೆ, ಇಷ್ಟು ರೂಪಾಯಿ ಎಂದು ಓದಿ ಹೇಳಿದರೆ ಸಾಕು. ಇನ್ನು, ಶೆಡ್ಡುಗಳಲ್ಲಿರುವ ಕೆಲವರಿಗೆ ತಮ್ಮದೊಂದು ಒಳ್ಳೆಯ ಫೋಟೊ ಬೇಕೆಂಬ ಆಸೆ ಇರುವುದುಂಟು. ಅವರು ಕೇಳಿದರೆ ಖಂಡಿತ ತೆಗೆಯೋಣ, ಆದರೆ ಭಾನುವಾರದ ಹಗಲಿನಲ್ಲಿ, ಅವರು ತಲೆ ಬಾಚಿ ಇಷ್ಟದ ಬಟ್ಟೆ ಉಟ್ಟ ಮೇಲೆ. ಪ್ರಿಂಟು ಹಾಕಿಸಿ ಎರಡು ಪ್ರತಿ ಅವರ ಕೈಗೇ ಕೊಡೋಣ: ಒಂದು ಇಟ್ಟುಕೊಳ್ಳಲು, ಇನ್ನೊಂದು ಊರಿನಲ್ಲಿರುವ ಅಮ್ಮನಿಗೆ ಕಳಿಸಲು.