ಏಳು ನಿಮಿಷಗಳ ನಗೆ: ಅದರ ಆಯುಷ್ಯ ಯಾರ ಕೈಯಲ್ಲಿ?

2025ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ವಾರ್ನರ್ ಬ್ರದರ್ಸ್ ಡಿಸ್ಕವರಿ ಸಂಸ್ಥೆಯು ತನ್ನ ‘ಮ್ಯಾಕ್ಸ್’ ಎಂಬ ಅಂತರ್ಜಾಲ ಚಿತ್ರಸೇವೆಯಿಂದ 1930ರಿಂದ 1969ರವರೆಗಿನ ‘ಲೂನಿ ಟ್ಯೂನ್ಸ್’ ಕಿರುಚಿತ್ರಗಳನ್ನು ತೆಗೆದುಹಾಕಿತು. ಯುದ್ಧ, ಚುನಾವಣೆ, ಬೆಲೆಯೇರಿಕೆಗಳ ಸುದ್ದಿಗಳ ನಡುವೆ ಈ ವಾರ್ತೆ ಬಹುಮಂದಿಯ ಕಣ್ಣಿಗೆ ಬಿದ್ದಿರಲಾರದು. ಮಕ್ಕಳ ಕಾರ್ಟೂನುಗಳು ಇದ್ದರೇನು, ಹೋದರೇನು ಎಂದು ಕೇಳುವವರೂ ಉಂಟು. ಆದರೆ ಮೂರು ತಲೆಮಾರುಗಳನ್ನು ನಗಿಸಿದ ಕೃತಿಯೊಂದು ಯಾವ ಬಲದಿಂದ ಬಾಳುತ್ತದೆ, ಯಾವ ಕಾರಣದಿಂದ ಮರೆಯಾಗಬಹುದು ಎಂಬುದು ಸಾಹಿತ್ಯಾಸಕ್ತರು ಯೋಚಿಸಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಒಂದೇ ಚಿತ್ರದ ನಿದರ್ಶನದಿಂದ ಹುಡುಕುವುದು ಮೇಲು.

‘ಫಾಸ್ಟ್ ಅಂಡ್ ಫರಿ-ಅಸ್’ ಎಂಬ ಚಿತ್ರ ತೆರೆಗೆ ಬಂದದ್ದು 1949ರ ಸೆಪ್ಟೆಂಬರಿನಲ್ಲಿ. ನಿರ್ದೇಶಕ ಚಕ್ ಜೋನ್ಸ್. ಕಥೆ ಮೈಕೆಲ್ ಮಾಲ್ಟೀಸನದು. ಸಂಗೀತ ಕಾರ್ಲ್ ಸ್ಟಾಲಿಂಗನದು. ಅವಧಿ ಸುಮಾರು ಏಳು ನಿಮಿಷ. ಪಾತ್ರಗಳು ಎರಡೇ. ಒಂದು, ಅಮೆರಿಕದ ಮರುಭೂಮಿಯಲ್ಲಿ ಅಲೆಯುವ, ತೋಳನ ಜಾತಿಗೆ ಸೇರಿದ ಬಡಕಲು ಪ್ರಾಣಿ ಕಯೋಟಿ. ಇನ್ನೊಂದು ರೋಡ್ ರನ್ನರ್. ಕೋಗಿಲೆಯ ಕುಲಕ್ಕೆ ಸೇರಿದರೂ ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿಕೊಂಡ ಹಕ್ಕಿ. ನಿಸರ್ಗದಲ್ಲಿ ಕಯೋಟಿಯೇ ಹೆಚ್ಚು ವೇಗಶಾಲಿ. ಜೋನ್ಸ್ ಈ ಸತ್ಯವನ್ನು ತಿರುವುಮುರುವು ಮಾಡಿದ. ಚಿತ್ರದಲ್ಲಿ ಸಂಭಾಷಣೆಯಿಲ್ಲ. ಹಕ್ಕಿಯ ‘ಬೀಪ್ ಬೀಪ್’ ಒಂದೇ ಮಾತು. ಆ ಧ್ವನಿಯನ್ನು ಕೊಟ್ಟವನು ನಟನಲ್ಲ. ಹಿನ್ನೆಲೆಯ ದೃಶ್ಯಗಳನ್ನು ಬರೆಯುತ್ತಿದ್ದ ಪಾಲ್ ಜೂಲಿಯನ್ ಎಂಬ ಚಿತ್ರಕಾರ.

ಕಥೆಯನ್ನು ಹೇಳಲು ಒಂದು ವಾಕ್ಯ ಸಾಕು: ಹಸಿದ ಕಯೋಟಿ ಹಕ್ಕಿಯನ್ನು ಹಿಡಿಯಲು ಹೊರಡುತ್ತಾನೆ, ಹಿಡಿಯಲಾರ. ಬೂಮರ‍್ಯಾಂಗ್ ಎಸೆಯುತ್ತಾನೆ, ಬೆನ್ನಿಗೆ ರಾಕೆಟ್ಟು ಕಟ್ಟಿಕೊಳ್ಳುತ್ತಾನೆ, ಹಾರುವ ವೇಷ ತೊಡುತ್ತಾನೆ, ಮರುಭೂಮಿಯಲ್ಲಿ ಹಿಮ ಸುರಿಸುವ ಯಂತ್ರವನ್ನು ಹೊತ್ತು ಜಾರುತ್ತಾನೆ. ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಸುರಂಗದ ಪ್ರಸಂಗ. ಬಂಡೆಯ ಮೇಲೆ ಅವನು ಸುರಂಗಮಾರ್ಗದ ಚಿತ್ರವೊಂದನ್ನು ಬಣ್ಣದಲ್ಲಿ ಬರೆಯುತ್ತಾನೆ. ಹಕ್ಕಿ ಆ ಚಿತ್ರದೊಳಕ್ಕೇ ಓಡಿಹೋಗುತ್ತದೆ. ಅದನ್ನು ಕಂಡು ತಾನೂ ನುಗ್ಗಿದಾಗ ಬಂಡೆ ಅವನಿಗೆ ಬಂಡೆಯಾಗಿಯೇ ಉಳಿಯುತ್ತದೆ. ನಂಬಿದವರಿಗೆ ಚಿತ್ರವೇ ದಾರಿಯಾಗುತ್ತದೆ, ಮೋಸ ಮಾಡಲೆಂದು ಬರೆದವನಿಗೆ ಮಾತ್ರ ಅದು ಕಲ್ಲು. ಇದನ್ನು ಎಷ್ಟು ಸಲ ನೋಡಿದರೂ ನಗು ಬರುತ್ತದೆ. ಮುಂದೇನಾಗುವುದೆಂಬುದು ನಮಗೆ ಗೊತ್ತಿದ್ದರೂ ನಗು ಕಡಿಮೆಯಾಗುವುದಿಲ್ಲ.

ಏಕೆ? ಈ ಲೋಕಕ್ಕೆ ಒಂದು ಕಟ್ಟುಪಾಡಿದೆ ಎಂಬುದು ಮೊದಲ ಉತ್ತರ. ಜೋನ್ಸ್ ಮುಂದಿನ ವರ್ಷಗಳಲ್ಲಿ ಈ ಮಾಲೆಯ ನಿಯಮಗಳನ್ನು ಪಟ್ಟಿಮಾಡಿದ: ಹಕ್ಕಿ ಕಯೋಟಿಯನ್ನು ‘ಬೀಪ್ ಬೀಪ್’ ಎಂದು ಬೆಚ್ಚಿಸಬಹುದೇ ಹೊರತು ನೋಯಿಸಕೂಡದು, ಅವನಿಗೆ ಪೆಟ್ಟಾಗುವುದು ಸ್ವಂತ ಅವಿವೇಕದಿಂದ, ಇಲ್ಲವೆ ಆಕ್ಮಿ ಎಂಬ ಕಲ್ಪಿತ ಕಂಪನಿಯ ಸರಕು ಕೈಕೊಡುವುದರಿಂದ, ಅವನ ಪರಮ ಶತ್ರು ಭೂಮಿಯ ಆಕರ್ಷಣೆ, ಹಟ ಬಿಟ್ಟರೆ ಯಾವ ಗಳಿಗೆಯಲ್ಲಾದರೂ ಅವನು ಪಾರಾಗಬಹುದು. ಮೊದಲ ಚಿತ್ರವು ಈ ನಿಯಮಗಳನ್ನು ಪೂರ್ತಿಯಾಗಿ ಪಾಲಿಸುವುದಿಲ್ಲವೆಂಬುದು ಗಮನಾರ್ಹ. ಅಲ್ಲಿ ಹಕ್ಕಿಯೂ ಬೂಮರ‍್ಯಾಂಗ್ ಬೀಸುತ್ತದೆ. ಕೊನೆಗೆ ಕಯೋಟಿಯನ್ನು ಕೆಡವಿಹೋಗುವ ಬಸ್ಸಿನಲ್ಲಿ ಹಕ್ಕಿಯೇ ಕುಳಿತಿರುತ್ತದೆ. ಎಂದರೆ ನಿಯಮ ಮೊದಲು ಹುಟ್ಟಿ ಕೃತಿ ಅನಂತರ ಬಂದುದಲ್ಲ. ಕೃತಿಯನ್ನು ಮಾಡುತ್ತ ಮಾಡುತ್ತ ನಗೆಯ ಮೂಲವೆಲ್ಲಿದೆಯೆಂದು ಕಂಡುಕೊಂಡವರು, ಹೆಚ್ಚಾದುದನ್ನು ಬಿಡುತ್ತ ಬಂದರು.

ಎರಡನೆಯ ಉತ್ತರಕ್ಕೆ ನಮ್ಮ ಅಲಂಕಾರಶಾಸ್ತ್ರವೂ ನೆರವಾಗುತ್ತದೆ. ವಿಕಾರವಾದ ವೇಷ, ಚೇಷ್ಟೆಗಳು ಹಾಸ್ಯಕ್ಕೆ ಕಾರಣವೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ತಾನೇ ನಗುವುದನ್ನೂ ಪರರನ್ನು ನಗಿಸುವುದನ್ನೂ ಬೇರೆ ಮಾಡುತ್ತದೆ. ಫ್ರಾನ್ಸಿನ ದಾರ್ಶನಿಕ ಬರ್ಗ್‌ಸನ್ 1900ರ ತನ್ನ ಗ್ರಂಥದಲ್ಲಿ, ಜೀವಂತ ವ್ಯಕ್ತಿ ಯಂತ್ರದಂತೆ ವರ್ತಿಸಿದಾಗ ನಗೆ ಹುಟ್ಟುತ್ತದೆ ಎಂದ. ಕಯೋಟಿಗೆ ಇವೆರಡೂ ಒಪ್ಪುತ್ತವೆ. ಆದರೆ ಒಂದು ಮಾತು ಉಳಿಯುತ್ತದೆ. ಅವನು ಎಂದೂ ನಗುವುದಿಲ್ಲ. ಬೀಳುವ ಮುನ್ನ ನಮ್ಮತ್ತ ನೋಡುವ ಅವನ ಕಣ್ಣುಗಳಲ್ಲಿ ಕೋಪಕ್ಕಿಂತ ನಾಚಿಕೆ ಹೆಚ್ಚು. ಆ ನೋಟದಿಂದ ನಾವು ಅವನ ಪಕ್ಷಕ್ಕೆ ಸೇರಿಬಿಡುತ್ತೇವೆ. ಗೆಲ್ಲುವ ಹಕ್ಕಿಯನ್ನು ಮೆಚ್ಚುತ್ತೇವೆ, ಸೋಲುವವನನ್ನು ನಮ್ಮವನೆಂದು ಗುರುತಿಸುತ್ತೇವೆ.

ಈ ಚಿತ್ರಗಳಲ್ಲಿ ಹಿಂಸೆಯಿದೆ ಎಂಬ ಆಕ್ಷೇಪ ಹಳೆಯದು. ಅಮೆರಿಕದ ದೂರದರ್ಶನ ಜಾಲಗಳು ಒಂದು ಕಾಲದಲ್ಲಿ ಬೀಳುವ, ಸಿಡಿಯುವ ದೃಶ್ಯಗಳನ್ನು ಕತ್ತರಿಸಿ ಇವನ್ನು ಪ್ರಸಾರ ಮಾಡಿದವು. ಮಕ್ಕಳ ಮೇಲಿನ ಕಾಳಜಿ ತಪ್ಪಲ್ಲ. ಆದರೆ ಪೆಟ್ಟನ್ನು ಕತ್ತರಿಸಿದಾಗ ಉಳಿಯುವುದು ಕೇವಲ ಸಂಚು. ಕೇಡು ಬಗೆದವನಿಗೇ ಕೇಡು ತಟ್ಟಿತೆಂಬ ಫಲಶ್ರುತಿಯೇ ಅಳಿಸಿಹೋಗುತ್ತದೆ.

ಹೀಗೆ ಗಟ್ಟಿಯಾಗಿ ಕಟ್ಟಿದ ಕೃತಿ ತಾನಾಗಿಯೇ ಅಮರವಾಗುತ್ತದೆಂದು ನಾವು ತಿಳಿಯುವುದುಂಟು. ಅದು ಭ್ರಮೆ. ಚಿತ್ರಮಂದಿರದಲ್ಲಿ ಮುಖ್ಯಚಿತ್ರಕ್ಕೆ ಮುನ್ನ ತೋರಿಸಲೆಂದು ಮಾಡಿದ ಈ ಕಿರುಚಿತ್ರಗಳಿಗೆ ಮರುಜನ್ಮ ಕೊಟ್ಟದ್ದು ದೂರದರ್ಶನ, 1966ರಲ್ಲಿ ಸಿ.ಬಿ.ಎಸ್. ಜಾಲ ರೋಡ್ ರನ್ನರನ ಹೆಸರಿನಲ್ಲೇ ಕಾರ್ಯಕ್ರಮವನ್ನು ಆರಂಭಿಸಿತು. ಭಾರತಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರಲ್ಲಿ. ಇಂಗ್ಲಿಷಿನ ಪರಿಚಯವಿಲ್ಲದ ಮನೆಗಳಲ್ಲೂ ಕಯೋಟಿ ಅರ್ಥವಾಗಬಲ್ಲವನಾಗಿದ್ದ. ಅನುವಾದಿಸಲು ಅಲ್ಲಿ ಏನೂ ಇರಲಿಲ್ಲ. ಕೃತಿ ಬಾಳಿದ್ದು ತನ್ನ ಗುಣದಿಂದ ನಿಜ; ಆದರೆ ಯಾರೋ ಮತ್ತೆ ಮತ್ತೆ ತೋರಿಸಿದ್ದರಿಂದಲೂ ಹೌದು.

ಇಂದಿನ ಆತಂಕ ಇಲ್ಲಿದೆ. ಇದೇ ಕಯೋಟಿ ಆಕ್ಮಿ ಕಂಪನಿಯ ಮೇಲೆ ದಾವೆ ಹೂಡುವ ‘ಕಯೋಟಿ ವರ್ಸಸ್ ಆಕ್ಮಿ’ ಎಂಬ ಪೂರ್ಣಪ್ರಮಾಣದ ಚಿತ್ರವನ್ನು, ಅದು ಸಿದ್ಧವಾಗಿದ್ದರೂ, 2023ರ ನವೆಂಬರಿನಲ್ಲಿ ವಾರ್ನರ್ ಸಂಸ್ಥೆ ಬಿಡುಗಡೆ ಮಾಡದಿರಲು ನಿರ್ಧರಿಸಿತು. ನಷ್ಟವೆಂದು ಲೆಕ್ಕಕ್ಕೆ ಹಾಕಿ ತೆರಿಗೆ ಉಳಿಸುವುದು ಲಾಭವೆಂಬ ಎಣಿಕೆ ಅದರ ಹಿಂದಿತ್ತೆಂದು ವರದಿಗಳು ಹೇಳಿದವು. ಕಲಾವಿದರೂ ಪ್ರೇಕ್ಷಕರೂ ಪ್ರತಿಭಟಿಸಿದರು. 2025ರಲ್ಲಿ ಕೆಚಮ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆ ಅದನ್ನು ಕೊಂಡಿತು. ಹಳೆಯ ಕಿರುಚಿತ್ರಗಳಲ್ಲೂ ನೂರಾರು ಅದೇ ವರ್ಷದ ಆಗಸ್ಟಿನಲ್ಲಿ ಟ್ಯೂಬಿ ಎಂಬ ಬೇರೊಂದು ಸೇವೆಯಲ್ಲಿ ಅಮೆರಿಕದ ಪ್ರೇಕ್ಷಕರಿಗೆ ದೊರೆತವು. ಎರಡು ಸಲವೂ ಅಪಾಯ ತಪ್ಪಿತು. ಆದರೆ ತಪ್ಪಿದ್ದು ಕೊಳ್ಳುವವರು ಸಿಕ್ಕಿದ್ದರಿಂದಲೇ ಹೊರತು ಯಾವ ಕಾನೂನಿನ ಬಲದಿಂದಲೂ ಅಲ್ಲ.

ಅಮೆರಿಕದ ಕಾನೂನಿನಂತೆ ಆ ಕಾಲದ ಚಿತ್ರಗಳ ಹಕ್ಕು 95 ವರ್ಷ ಒಡೆಯನದು. ಮಿಕ್ಕಿ ಮೌಸನ 1928ರ ‘ಸ್ಟೀಮ್‌ಬೋಟ್ ವಿಲ್ಲಿ’ 2024ರ ಜನವರಿ 1ರಂದು ಸಾರ್ವಜನಿಕರ ಸ್ವತ್ತಾಯಿತು. 1949ರ ನಮ್ಮ ಕಯೋಟಿ 2045ರವರೆಗೆ ಕಾಯಬೇಕು. ಅಲ್ಲಿಯ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಯಲ್ಲಿ ಜೋನ್ಸನ ‘ವಾಟ್ಸ್ ಆಪೆರಾ, ಡಾಕ್?’ 1992ರಲ್ಲೇ ಸೇರಿದೆ. ಸಂರಕ್ಷಣೆಗೆ ಅದು ಸಾಕು. ಆದರೆ ಚಿತ್ರದ ಪ್ರತಿ ಉಗ್ರಾಣದಲ್ಲಿ ಸುರಕ್ಷಿತವಾಗಿರುವುದು ಬೇರೆ, ಜನರ ಕಣ್ಣಿಗೆ ಸಿಗುವುದು ಬೇರೆ.

ಒಡೆಯನ ಹಕ್ಕನ್ನು ಕಸಿಯಬೇಕೆಂದು ಯಾರೂ ವಾದಿಸಬೇಕಾಗಿಲ್ಲ. ದೀರ್ಘಕಾಲದ ಹಕ್ಕನ್ನು ಬಯಸುವವನು ಕೃತಿಯನ್ನು ಜನರಿಗೆ ದೊರಕುವಂತೆ ಇಡುವ ಹೊಣೆಯನ್ನೂ ಹೊರಲಿ. ತನಗೆ ಬೇಡವಾದಾಗ ಗ್ರಂಥಾಲಯಗಳಿಗೂ ವಿದ್ಯಾಸಂಸ್ಥೆಗಳಿಗೂ ಅದನ್ನು ತೋರಿಸಲು ಬಿಡಲಿ. ಈ ಬೇಡಿಕೆ ಅತಿಯಾದುದಲ್ಲ. ಮುದ್ರಿತ ಪುಸ್ತಕ ಪ್ರಕಾಶಕನಿಗೆ ಬೇಡವಾದರೂ ಓದುಗನ ಕಪಾಟಿನಲ್ಲಿ ಉಳಿಯುತ್ತದೆ. ಅಂತರ್ಜಾಲದ ಚಿತ್ರಕ್ಕೆ ಆ ಭಾಗ್ಯವಿಲ್ಲ. ಒಬ್ಬನು ತೆಗೆದರೆ ಅದು ಎಲ್ಲರ ಮನೆಯಿಂದಲೂ ಹೋದಂತೆ. 2045ರವರೆಗೆ ಈ ಏಳು ನಿಮಿಷಗಳನ್ನು ನೋಡದೆಯೇ ಒಂದು ತಲೆಮಾರು ಬೆಳೆದರೆ, ಅಂದು ಸ್ವತಂತ್ರವಾಗುವ ಚಿತ್ರವನ್ನು ಕೇಳಿ ಪಡೆಯುವವರು ಯಾರು?